ಕೆಂಪು ನೆಲದ ಮನೆಗೆ ಗೆದ್ದಲಿನ ಮದ್ದು: ಕೊರೆದು ಇಳಿಸುವುದೋ, ಸಿಂಪಡಿಸುವುದೋ, ಬೈಟ್ ಇಡುವುದೋ?

ಜಂಬಿಟ್ಟಿಗೆ ಗೋಡೆ, ಹಲಸಿನ ದಾರಂದ, ಕೆಂಪು ಸಿಮೆಂಟಿನ ನೆಲವಿರುವ ಮಲೆನಾಡಿನ ಹಳೆಯ ಮನೆಗೆ ಗೆದ್ದಲು ಹಿಡಿದರೆ, ನೆಲದ ಅಂಚನ್ನು ಕೊರೆದು ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕವನ್ನು ಮಣ್ಣಿಗೆ ಇಳಿಸುವುದೇ ಸರಿಯಾದ ದಾರಿ. ಸಾಗರ ಸೀಮೆಯ ನಮ್ಮ ಮನೆಯಲ್ಲಿ ಕ್ಲೋರ್‌ಪೈರಿಫಾಸ್ ಎಂಬ ಇನ್ನೊಂದು ಕೀಟನಾಶಕದ ಸಿಂಪಡಣೆ, ಬೈಟ್ (ಮದ್ದು ಸೇರಿಸಿದ ಆಮಿಷ) ಪೆಟ್ಟಿಗೆ, ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಎಲ್ಲವನ್ನೂ ಬಳಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ. ಸೀಮೆಎಣ್ಣೆಯನ್ನು ಹೋಲಿಕೆಗೆ ಸೇರಿಸಿಲ್ಲ. ವಾಸನೆ ಆರಿದ ಕೂಡಲೇ ಅದರ ಕೆಲಸವೂ ಮುಗಿಯುತ್ತದೆ.

ಸಿಂಪಡಣೆ ಎಲ್ಲಕ್ಕಿಂತ ಅಗ್ಗ. ಗುತ್ತಿಗೆ ಹಿಡಿದವರು 20 ಇ.ಸಿ. (ಶೇಕಡಾ 20ರಷ್ಟು ಮದ್ದಿರುವ ದ್ರವ) ಕ್ಲೋರ್‌ಪೈರಿಫಾಸ್ ಒಂದು ಲೀಟರಿಗೆ 19 ಲೀಟರ್ ನೀರು ಬೆರೆಸಿ ಗೋಡೆಗೂ ದಾರಂದಕ್ಕೂ ಹೊಡೆದು ಹೋದರು. ಮಣ್ಣಿನ ಸುರಂಗಗಳು ಒಣಗಿ ಉದುರಿದವು, ಘಾಟು ಮಾತ್ರ ಬಹಳ ದಿನ ಉಳಿಯಿತು, ಮುಂದಿನ ಮಳೆಗಾಲಕ್ಕೆ ಪಕ್ಕದ ಕೋಣೆಯ ದಾರಂದದಲ್ಲಿ ಹೊಸ ಸುರಂಗ ಎದ್ದಿತು. ಗೂಡು ಇರುವುದು ಮಣ್ಣಿನೊಳಗೆ. ಗೋಡೆಯ ಮೇಲೆ ಓಡಾಡುವ ಕೆಲಸಗಾರ ಹುಳುಗಳನ್ನು ಅಲ್ಲಲ್ಲೇ ಕೊಂದರೆ ಗೂಡಿಗೆ ಏನೂ ಆಗುವುದಿಲ್ಲ. ಮಣ್ಣಿಗೆ ಇಳಿಸಿದ್ದರೆ ಅದೇ ಔಷಧ ಕೆಲಸ ಮಾಡುತ್ತಿತ್ತೆಂದು ಒಪ್ಪುತ್ತೇನೆ. ಆದರೆ ಅಮೆರಿಕದಲ್ಲಿ 2000ದಲ್ಲೇ ಬಹುತೇಕ ಮನೆಬಳಕೆಯಿಂದ ಕೈಬಿಡಲು ತೀರ್ಮಾನಿಸಿದ ಔಷಧವನ್ನು ಮಕ್ಕಳು ಮಲಗುವ ಕೋಣೆಯ ಗೋಡೆಗೆ ಹೊಡೆಸುವ ಮನಸ್ಸು ಈಗ ನನಗಿಲ್ಲ.

ಇಮಿಡಾಕ್ಲೋಪ್ರಿಡ್ 30.5 ಎಸ್.ಸಿ.ಯನ್ನು (ಶೇಕಡಾ 30.5ರಷ್ಟು ಮದ್ದಿರುವ ದ್ರವ) ಲೀಟರ್ ನೀರಿಗೆ 2.1 ಮಿಲಿಲೀಟರ್ ಲೆಕ್ಕದಲ್ಲಿ ಬೆರೆಸುತ್ತಾರೆ. ಅದು ಇರುವುದು ಗೆದ್ದಲಿಗೆ ತಿಳಿಯುವುದಿಲ್ಲ, ತಕ್ಷಣ ಸಾಯುವುದೂ ಇಲ್ಲ. ಮೈಗೆ ಅಂಟಿದ ಮದ್ದನ್ನು ಒಂದು ಇನ್ನೊಂದಕ್ಕೆ ದಾಟಿಸುತ್ತಾ ಹೋಗುತ್ತದೆ. ಗೋಡೆ ನೆಲಕ್ಕೆ ಕೂಡುವ ಅಂಚಿನಲ್ಲಿ 12 ಮಿಲಿಮೀಟರ್ ಅಗಲದ ತೂತುಗಳನ್ನು 300 ಮಿಲಿಮೀಟರಿಗೊಂದರಂತೆ ಕೊರೆದು, ತೂತಿಗೆ ಹೆಚ್ಚೆಂದರೆ ಒಂದು ಲೀಟರ್ ಇಳಿಸುವುದು ಗೆದ್ದಲು ತಡೆಯ ಭಾರತೀಯ ಮಾನಕ ಐ.ಎಸ್. 6313ರ ಮೂರನೆಯ ಭಾಗ ಹೇಳುವ ಕ್ರಮ.

ತೊಂದರೆ ಇರುವುದು ಈ ತೂತುಗಳಲ್ಲೇ. ಟೈಲ್ಸ್ ಹಾಕಿದ ಮನೆಯವರಿಗೆ ಇದು ಅರ್ಥವಾಗಲಾರದು. ಕೆಂಪು ನೆಲದ ಮೇಲ್ಪದರ ಕೆಲವೇ ಮಿಲಿಮೀಟರ್ ದಪ್ಪ. ಡ್ರಿಲ್ಲನ್ನು ಹ್ಯಾಮರ್‌ಗೆ (ಬಡಿಯುತ್ತಾ ಕೊರೆಯುವ ಕ್ರಮಕ್ಕೆ) ಹಾಕಿ ಒತ್ತಿದರೆ ತೂತಿನ ಸುತ್ತ ನಾಣ್ಯದಗಲ ಚಕ್ಕೆ ಏಳುತ್ತದೆ, ಅಜ್ಜನ ಕಾಲದಿಂದ ಉಜ್ಜಿ ಉಜ್ಜಿ ಬಂದ ಹೊಳಪು ಅಲ್ಲಿಗೆ ಹೋಯಿತು. ಮೇಲಿನ ಪದರವನ್ನು ಹ್ಯಾಮರ್ ಇಲ್ಲದೆ, ಮೊದಲು ಸಣ್ಣ ಬಿಟ್‌ನಿಂದ ಕೊರೆಯಬೇಕೆಂದು ಪಕ್ಕದಲ್ಲೇ ನಿಂತು ಹೇಳಬೇಕಾಗುತ್ತದೆ. ಹಾಗೆ ಮಾಡಿದರೆ ಕೆಲಸ ನಿಧಾನವಾಗುವುದರಿಂದ ಕೊರೆಯುವವರ ಮುಖ ಸಿಂಡರಿಸುತ್ತದೆ.

ಮುಚ್ಚುವುದು ಇನ್ನೂ ತಲೆನೋವು. ಅವರ ಬಳಿ ಇರುವುದು ಬಿಳಿ ಸಿಮೆಂಟ್ ಒಂದೇ. ಜಗಲಿಯಲ್ಲಿ ಅದನ್ನೇ ಮೆತ್ತಿದ್ದರಿಂದ ಗೋಡೆಯುದ್ದಕ್ಕೂ ಚುಕ್ಕಿ ರಂಗೋಲಿ ಹಾಕಿದ ಹಾಗೆ ಕಾಣುತ್ತಿತ್ತು. ಅದಕ್ಕೆ ರೆಡ್ ಆಕ್ಸೈಡ್ ಬೆರೆಸಿದರೆ ಒಣಗಿದ ಮೇಲೆ ಗುಲಾಬಿ ಬಣ್ಣ. ಕೊನೆಗೆ ಊರಿನ ಹಳೆಯ ಮೇಸ್ತ್ರಿಯೊಬ್ಬರು ಆ ಚುಕ್ಕಿಗಳನ್ನು ಕೆತ್ತಿ ತೆಗೆದು, ತೂತಿನ ಕೆಳಭಾಗಕ್ಕೆ ಸಾಮಾನ್ಯ ಗಾರೆ ತುಂಬಿ, ಮೇಲೆ ಬೂದು ಸಿಮೆಂಟಿಗೆ ರೆಡ್ ಆಕ್ಸೈಡ್ ಕಲಸಿ ತುಂಬಿ, ಕೆಲವು ದಿನ ಒದ್ದೆ ಗೋಣಿ ಹೊದೆಸಿ, ಆಮೇಲೆ ಕಲ್ಲಿನಿಂದ ಉಜ್ಜಿ ಕೊಬ್ಬರಿ ಎಣ್ಣೆ ಹಚ್ಚಿದರು. ಒಳಗಿನ ಕೋಣೆಗಳಲ್ಲಿ ಮೊದಲಿನಿಂದಲೂ ಇದೇ ಕ್ರಮ ಅನುಸರಿಸಿದ್ದರಿಂದ ಅಲ್ಲಿ ಬಗ್ಗಿ ನೋಡಿದರೆ ಮಾತ್ರ ತೂತು ಕಾಣುತ್ತದೆ. ಮೇಸ್ತ್ರಿಯ ಕೂಲಿಯನ್ನು ಅಂದಾಜು ಪಟ್ಟಿಯಲ್ಲಿ ಯಾರೂ ತೋರಿಸುವುದಿಲ್ಲ, ನೀವೇ ಸೇರಿಸಿಕೊಳ್ಳಿ.

ಅಡುಗೆಮನೆಯ ಹಿಂದೆ ಬಾವಿ ಇರುವುದರಿಂದ ಆ ಗೋಡೆಯನ್ನು ಕೊರೆಯಲು ನಾನು ಬಿಡಲಿಲ್ಲ. ಇಮಿಡಾಕ್ಲೋಪ್ರಿಡ್ ಜೇನಿಗೂ ವಿಷ. ಕ್ಯಾನು ತೊಳೆದ ನೀರನ್ನು ಜೇನುಪೆಟ್ಟಿಗೆ ಇಟ್ಟ ಕಡೆ ಚೆಲ್ಲಕೂಡದು.

ಬಾವಿ ಕಡೆಯ ಗೋಡೆಗೆ ಬೈಟ್ ಇಡಿಸಿದೆ. ಹುಳು ಪೊರೆ ಕಳಚದಂತೆ ತಡೆಯುವ ಮದ್ದು ಸೇರಿದ ನಾರು ಅದರಲ್ಲಿರುತ್ತದೆ. ಹೇಳುವುದಕ್ಕೆ ಸೊಗಸು, ಆದರೆ ತಿಂಗಳುಗಟ್ಟಲೆ ಕಾಯಬೇಕು; ನಮ್ಮಲ್ಲಿ ಗೆದ್ದಲಿಗಿಂತ ಮೊದಲು ಇರುವೆಗಳು ಪೆಟ್ಟಿಗೆಯೊಳಗೆ ಮನೆ ಮಾಡಿದವು. ವರ್ಷ ವರ್ಷ ನವೀಕರಣದ ಹಣ ಬೇರೆ.

ಗೇರೆಣ್ಣೆ ಮಾಡಿನ ಮರಗಳಾದ ಪಕಾಸು, ರೀಪುಗಳಿಗೆ ಚೆನ್ನ. ಮರ ಕಪ್ಪಾಗುತ್ತದೆ, ಕೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ನೆಲದೊಳಗಿನ ಗೂಡಿಗೆ ಅದರಿಂದ ಏನೂ ಆಗದು.

ಅಡಿಕೆ ಮಾರಿದಾಗ ಒಮ್ಮೆ ಕೈಗೆ ಹಣ ಬರುವ ನಮ್ಮಂಥವರಿಗೆ ಒಂದೇ ಬಾರಿ ದೊಡ್ಡ ಮೊತ್ತ ಕೊಟ್ಟು ಮುಗಿಸುವ ಕೆಲಸ ಹೊಂದುತ್ತದೆ. ಜೊತೆಗೆ, ಮನೆಯಲ್ಲೇ ಇದ್ದು ವಾರಕ್ಕೊಮ್ಮೆ ಟಾರ್ಚ್ ಹಿಡಿದು ನಾಗಂದಿಗೆಯ ಮೂಲೆಯವರೆಗೆ ನೋಡಿ ಬರುವ ಅಭ್ಯಾಸ ನನಗಿದೆ. ಮನೆಗೆ ಬೀಗ ಹಾಕಿ ಬೆಂಗಳೂರಿನಲ್ಲಿ ಇರುವವರಿಗೆ, ಬಾವಿ ಗೋಡೆಗೆ ಅಂಟಿಕೊಂಡೇ ಇರುವವರಿಗೆ, ತಪಾಸಣೆಗೆ ಬಂದು ಹೋಗುವ ಬೈಟ್ ಕಂಪನಿಯವರೇ ಮೇಲು ಎನಿಸಬಹುದು. ಕೊರೆಸುವವರು ಮಾತ್ರ ಗ್ಯಾರಂಟಿ ಪತ್ರವನ್ನು ಪೂರ್ತಿ ಓದಿಕೊಳ್ಳಿ: ಗೋಡೆಗೆ ಕಟ್ಟಿಗೆ ಒಟ್ಟಿದರೆ ಗ್ಯಾರಂಟಿ ಸಲ್ಲದೆಂದು ನಮ್ಮ ಪತ್ರದಲ್ಲಿತ್ತು, ಹಾಗಾಗಿ ಅಡಿಕೆ ದಬ್ಬೆಗಳೆಲ್ಲ ಈಗ ಕೊಟ್ಟಿಗೆಯ ಆಚೆ, ಕಲ್ಲಿನ ಮೇಲಿವೆ.