ಮೆಚ್ಚಿದ ಚಿತ್ರದ ನಂತರ ಮುಂದಿನದು ಯಾವುದು: ಲೆಟರ್‌ಬಾಕ್ಸ್‌ಡ್ ಬಳಸಿದ ಅನುಭವ

ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ 2011ರಲ್ಲಿ ಆರಂಭವಾದ ಲೆಟರ್‌ಬಾಕ್ಸ್‌ಡ್ ಎಂಬ ಜಾಲತಾಣವನ್ನು ಹೆಚ್ಚಿನವರು ತಾವು ನೋಡಿದ ಚಿತ್ರಗಳನ್ನು ದಾಖಲಿಸಲು ಮತ್ತು ಅರ್ಧದಿಂದ ಐದರವರೆಗೆ ನಕ್ಷತ್ರ ಕೊಡಲು ಬಳಸುತ್ತಾರೆ. ಬಳ್ಳಾರಿಯಲ್ಲಿರುವ ನಾನು ಹಲವು ವರ್ಷಗಳಿಂದ ಅದನ್ನು ಮುಖ್ಯವಾಗಿ ಬೇರೊಂದು ಕೆಲಸಕ್ಕೆ ಬಳಸುತ್ತಿದ್ದೇನೆ. ಒಂದು ಚಿತ್ರ ಮನಸ್ಸಿಗೆ ಹಿಡಿಸಿದ ಮೇಲೆ ಅದರ ಬಳಗಕ್ಕೆ ಸೇರಿದ ಇನ್ನೊಂದನ್ನು ಹುಡುಕುವುದೇ ಆ ಕೆಲಸ.

'ತಿಥಿ'ಯ ಉದಾಹರಣೆಯನ್ನೇ ನೋಡೋಣ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಈ ಚಿತ್ರದಲ್ಲಿ ನನಗೆ ಹಿಡಿಸಿದ್ದು ಹಳ್ಳಿಯ ಹಿನ್ನೆಲೆಯಷ್ಟೇ ಅಲ್ಲ. ಎಂದೂ ನಟಿಸಿರದ ಮಂಡ್ಯ ಸೀಮೆಯ ಜನ ತಮ್ಮದೇ ಮಾತಿನ ಧಾಟಿಯಲ್ಲಿ ಮಾತನಾಡುವ ರೀತಿ, ಯಾವ ಗೊಡವೆಯೂ ಇಲ್ಲದೆ ನಡೆಯುತ್ತಲೇ ಇರುವ ಗಡ್ಡಪ್ಪ, ಅವನಿಗೆ ತಕ್ಕಂತೆ ಸಾವಧಾನವಾಗಿ ಸಾಗುವ ಕಥೆ. ನಾನು ಚಂದಾ ಕಟ್ಟುವ ಒಟಿಟಿ ಆ್ಯಪ್ ಇದನ್ನು ನೋಡಿದ ಮೇಲೆ ಹಳ್ಳಿಯ ಹೆಸರಿನ ಹೊಡೆದಾಟದ ಚಿತ್ರಗಳನ್ನು ಸಾಲಾಗಿ ಮುಂದಿಟ್ಟಿತು. ಲೆಟರ್‌ಬಾಕ್ಸ್‌ಡ್‌ನಲ್ಲಾದರೋ ಚಿತ್ರಕ್ಕೆ ದುಡಿದ ಪ್ರತಿಯೊಬ್ಬರ ಹೆಸರೂ ಒಂದು ಬಾಗಿಲು. ನಿರ್ದೇಶಕ ರಾಮ್ ರೆಡ್ಡಿಯವರ ಹೆಸರು ಒತ್ತಿದರೆ ಮನೋಜ್ ಬಾಜಪೇಯಿ ಅಭಿನಯದ, ಬೇರೆಯೇ ಲೋಕದ ಹಿಂದಿ ಚಿತ್ರಕ್ಕೆ ಹೋಗುತ್ತೇವೆ. ಆದರೆ ಬರವಣಿಗೆಯ ಕೆಳಗಿರುವ ಈರೇಗೌಡರ ಹೆಸರನ್ನು ಹಿಡಿದು ಹೊರಟರೆ, ಅವರೇ ನಿರ್ದೇಶಿಸಿ 2018ರಲ್ಲಿ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಪಡೆದ 'ಬಳೆಕೆಂಪ' ಸಿಗುತ್ತದೆ. 'ತಿಥಿ'ಯ ನಿಜವಾದ ಒಡಹುಟ್ಟು ಅದು ಎಂದೇ ನನ್ನ ಅಭಿಪ್ರಾಯ.

ಆ ದಿನದಿಂದ ನಾನು ನಿರ್ದೇಶಕರಿಗಿಂತ ಮೊದಲು ಕಥೆಗಾರರನ್ನೂ ಛಾಯಾಗ್ರಾಹಕರನ್ನೂ ನೋಡುತ್ತೇನೆ. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಮೆಚ್ಚಿದವರು ಅದರ ಛಾಯಾಗ್ರಾಹಕ ಎಸ್. ರಾಮಚಂದ್ರ ಅವರನ್ನು ಹಿಂಬಾಲಿಸಿದರೆ 'ಚೋಮನ ದುಡಿ' (1975) ತಲುಪುತ್ತಾರೆ. ಸಂಗೀತ ನೀಡಿದ ಬಿ.ವಿ. ಕಾರಂತರನ್ನು ಹಿಂಬಾಲಿಸಿದರೂ ಅಲ್ಲಿಗೇ, ಏಕೆಂದರೆ ಅದನ್ನು ನಿರ್ದೇಶಿಸಿದವರು ಅವರೇ. ಕಪ್ಪು-ಬಿಳುಪಿನ ಆ ಎರಡು ಚಿತ್ರಗಳನ್ನು ಒಂದರ ಹಿಂದೊಂದು ನೋಡಿದಾಗ, ಮಂದ ಬೆಳಕಿನಲ್ಲಿ ಮುಖಗಳನ್ನು ಹಿಡಿಯುವ ಕೈ ಒಂದೇ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. 'ನಾಟಕೀಯ', 'ಗ್ರಾಮೀಣ' ಎಂಬ ವರ್ಗಗಳಿಂದ ಈ ನಂಟು ಎಂದಿಗೂ ಹೊಳೆಯದು.

ಸದಸ್ಯರು ಮಾಡಿಟ್ಟಿರುವ ಪಟ್ಟಿಗಳು ಇನ್ನೊಂದು ದೊಡ್ಡ ಆಸ್ತಿ. ಕನ್ನಡದ ಜೊತೆಗೆ ತೆಲುಗೂ ಮನೆಮನೆಯಲ್ಲಿ ಕೇಳಿಬರುವ ಬಳ್ಳಾರಿಯಂಥ ಊರಿನವರಿಗೆ ಭಾಷೆಯ ಗಡಿ ದಾಟುವ ಪಟ್ಟಿಗಳು ವಿಶೇಷವಾಗಿ ಒದಗುತ್ತವೆ. ಸ್ಥಳೀಯರೇ ನಟಿಸಿದ ಚಿತ್ರಗಳ ಅಂಥದೊಂದು ಪಟ್ಟಿಯಲ್ಲಿ ನನಗೆ ವೆಂಕಟೇಶ್ ಮಹಾ ನಿರ್ದೇಶನದ 'ಕೇರಾಫ್ ಕಂಚರಪಾಲೆಂ' (2018) ದೊರೆಯಿತು. ವಿಶಾಖಪಟ್ಟಣದ ಒಂದು ಬಡಾವಣೆಯ ಜನರೇ ಪಾತ್ರಧಾರಿಗಳಾದ ಆ ಚಿತ್ರ ನಮ್ಮ ಮನೆಯಲ್ಲಿ ಎಲ್ಲರಿಗೂ ಹಿಡಿಸಿತು. ಪಟ್ಟಿಯಲ್ಲಿ ನಾವು ಈಗಾಗಲೇ ನೋಡಿರುವ ಚಿತ್ರಗಳನ್ನು ಮಸುಕಾಗಿಸುವ ಸೌಲಭ್ಯವಿರುವುದರಿಂದ ಬಾಕಿ ಉಳಿದವು ತಟ್ಟನೆ ಕಾಣುತ್ತವೆ. ಇದಕ್ಕೆಲ್ಲ ಉಚಿತ ಖಾತೆ ಸಾಕು.

ಚಿತ್ರಗಳ ವಿವರಗಳು ಇಲ್ಲಿಗೆ ಬರುವುದು ಟಿಎಂಡಿಬಿ ಎಂಬ ದತ್ತಕೋಶದಿಂದ. ಅದನ್ನು ತುಂಬುವವರು ಸ್ವಯಂಸೇವಕರು, ಆದ್ದರಿಂದ ಯಾರಾದರೂ ಬರೆದಿಟ್ಟಷ್ಟೇ ಹೆಸರುಗಳು ಸಿಗುತ್ತವೆ, ಹೆಸರಿಲ್ಲದಲ್ಲಿ ದಾರಿಯೂ ಇಲ್ಲ. ಹಳೆಯ ಕನ್ನಡ ಚಿತ್ರ ನೋಡುವಾಗ ಶೀರ್ಷಿಕೆಗಳ ಬಳಿ ಅದನ್ನು ನಿಲ್ಲಿಸಿ, ಸಂಕಲನಕಾರರ, ಧ್ವನಿಗ್ರಾಹಕರ, ಸಂಭಾಷಣೆ ಬರೆದವರ ಹೆಸರುಗಳನ್ನು ಓದಿಕೊಂಡು ಟಿಎಂಡಿಬಿಯಲ್ಲಿ ಸೇರಿಸುವ ರೂಢಿಯನ್ನು ನಾನು ಇಟ್ಟುಕೊಂಡಿದ್ದೇನೆ. ಆ ಶೀರ್ಷಿಕೆಗಳು ಕನ್ನಡ ಲಿಪಿಯಲ್ಲಿರುವುದರಿಂದ ಈ ಕೆಲಸವನ್ನು ಕನ್ನಡ ಓದಬಲ್ಲವರೇ ಮಾಡಬೇಕಾಗಿದೆ. ಖಾತೆ ತೆರೆಯುವವರು ತಮಗೆ ಪ್ರಿಯವಾದ ಒಂದು ಚಿತ್ರಕ್ಕಾದರೂ ಇದನ್ನು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.