ಬಾರ್ನ್ಸ್ ಕ್ರಾಸ್‌ನ ಹಳೇ ಅಂಚೆ ಡಬ್ಬ: ಹೋದರೆ ಕಾಗದ ಹಾಕದೆ ಬರಬೇಡಿ

ಐದಕ್ಕೆ ಐದು ಸ್ಟಾರ್. ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ, ಹೋಲ್‌ವೆಲ್ ಊರಿನ ಬಾರ್ನ್ಸ್ ಕ್ರಾಸ್ ಅನ್ನೋ ಕಡೆ, ರಸ್ತೆ ಪಕ್ಕ ಒಂದು ಕೆಂಪು ಅಂಚೆ ಡಬ್ಬ ಇದೆ. 1853ರಿಂದ 1856ರ ನಡುವೆ ಗ್ಲಾಸ್ಟರ್‌ನ ಜಾನ್ ಎಂ. ಬಟ್ ಕಂಪನಿಯವರು ಎರಕ ಹೊಯ್ದದ್ದು. ಬ್ರಿಟನ್ನಿನ ಮುಖ್ಯ ದ್ವೀಪದಲ್ಲಿ ಇನ್ನೂ ಕೆಲಸ ಮಾಡುತ್ತಿರುವ ಕಂಬದ ಡಬ್ಬಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು. ಗರ್ನ್ಸಿ ದ್ವೀಪದ ಯೂನಿಯನ್ ಸ್ಟ್ರೀಟ್‌ನಲ್ಲಿರುವ 1853ರ ಡಬ್ಬ ಇದಕ್ಕೂ ಹಿರಿಯ, ಆದರೆ ಅಲ್ಲಿಗೆ ಹೋಗಲು ನನಗಿನ್ನೂ ಆಗಿಲ್ಲ.

ಹತ್ತಿರ ಹೋಗಿ ನೋಡಿ. ಕಂಬ ಗುಂಡಗಿಲ್ಲ, ಎಂಟು ಮುಖ ಇದೆ. ವರ್ಷಗಟ್ಟಲೆ ಬಣ್ಣದ ಮೇಲೆ ಬಣ್ಣ ಬಳಿದು ಬಳಿದು ಅಂಚುಗಳೆಲ್ಲ ನುಣುಪಾಗಿವೆ, ಬೆರಳು ಆಡಿಸಿದರೆ ಗೊತ್ತಾಗುತ್ತದೆ. ನಾವು ನೋಡಿರುವ ಡಬ್ಬಗಳ ಬಾಯಿ ಅಡ್ಡಕ್ಕೆ ಇರುತ್ತದೆ ಅಲ್ವಾ, ಇದರದು ಉದ್ದಕ್ಕೆ ಸೀಳಿದ ಹಾಗಿದೆ. 1857ರಿಂದ ಅಡ್ಡ ಬಾಯಿಯೇ ಎಲ್ಲ ಕಡೆ ಬಂತು, ಅದಕ್ಕೇ ಈ ಥರದ್ದು ಈಗ ಕಾಣಸಿಗುವುದು ತುಂಬಾ ಕಡಿಮೆ. ತಿಪಟೂರಿನಲ್ಲಿರುವ ಅಮ್ಮನಿಗೆ ಬರೆದ ಕಾರ್ಡನ್ನು ನೆಟ್ಟಗೆ ಹಿಡಿದು ಬಿಟ್ಟೆ. ಟಪ್ ಅಂತ ಒಳಗೆ ಬಿದ್ದ ಸದ್ದು ಕೇಳಿ ಮೈ ಜುಮ್ಮೆಂದಿತು.

ಸುತ್ತ ಬರೀ ಹಸಿರು. ಇಲ್ಲಿ ನಿಂತಾಗ ಕೆಂಪು ಬಣ್ಣ ಯಾಕೆ ಅಂತ ಅರ್ಥವಾಗುತ್ತದೆ. 1859ರಿಂದ ಬ್ರಿಟನ್ನಿನ ಡಬ್ಬಗಳಿಗೆ ಹಸಿರು ಬಳಿಯುತ್ತಿದ್ದರು, ಡಬ್ಬ ಎಲ್ಲಿದೆ ಅಂತಲೇ ಕಾಣುವುದಿಲ್ಲ ಅಂತ ಜನ ದೂರು ಕೊಟ್ಟರು, ಕೊನೆಗೆ 1874ರಲ್ಲಿ ಕೆಂಪು ಬಳಿಯಲು ಶುರು ಮಾಡಿದರು. ಎಲ್ಲಕ್ಕೂ ಬಳಿದು ಮುಗಿಸಲು ಹತ್ತು ವರ್ಷ ಹಿಡಿಯಿತು!

ನನಗೆ ಜಾಸ್ತಿ ಹಿಡಿಸಿದ್ದು ಏನು ಅಂದ್ರೆ, ಇಷ್ಟು ಹಳೆಯದನ್ನು ಕಿತ್ತು ಗಾಜಿನ ಹಿಂದೆ ಇಟ್ಟಿಲ್ಲ. ಇದ್ದ ಜಾಗದಲ್ಲೇ ಬಿಟ್ಟು ಕೆಲಸ ಮಾಡಿಸುತ್ತಿದ್ದಾರೆ. 2002ರಲ್ಲಿ ಅಲ್ಲಿನ ಅಂಚೆ ಸಂಸ್ಥೆ ರಾಯಲ್ ಮೇಲ್ ಮತ್ತು ಹಳೇ ಸ್ಮಾರಕಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಮಾತಾಡಿಕೊಂಡು, ಡಬ್ಬಗಳನ್ನು ಆದಷ್ಟೂ ಇದ್ದಲ್ಲೇ, ಬಳಕೆಯಲ್ಲೇ ಉಳಿಸಬೇಕು ಅಂತ ಒಪ್ಪಂದ ಮಾಡಿಕೊಂಡವು. 1976ರಲ್ಲಿ ಶುರುವಾದ ಲೆಟರ್ ಬಾಕ್ಸ್ ಸ್ಟಡಿ ಗ್ರೂಪ್‌ನವರು ಯಾವ ಡಬ್ಬ ಎಲ್ಲಿದೆ, ಯಾವ ಕಾಲದ್ದು ಅಂತ ದೇಶ ಪೂರ್ತಿ ಹುಡುಕಿ ಬರೆದಿಡುತ್ತಾರೆ. ಎಷ್ಟು ಒಳ್ಳೆ ಕೆಲಸ! ನಮ್ಮೂರಿನ ಮರಕ್ಕೆ ನೇತುಹಾಕಿದ್ದ ಡಬ್ಬ ಯಾವಾಗ ಹೋಯಿತು ಅಂತಲೂ ಯಾರಿಗೂ ನೆನಪಿಲ್ಲ, ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ತೊಂದರೆ ಇಲ್ಲ ಅಂತಲ್ಲ. ರಸ್ತೆ ಕಿರಿದು, ಕಾರು ಸ್ವಲ್ಪ ದೂರ ನಿಲ್ಲಿಸಿ ನಡೆಯಬೇಕಾಯಿತು. ರೈಲಿನಲ್ಲಿ ಬಂದರೆ ಶೆರ್ಬೋರ್ನ್‌ನಲ್ಲಿ ಇಳಿದು ಟ್ಯಾಕ್ಸಿ ಹಿಡಿಯಿರಿ. ದೊಡ್ಡ ಕವರ್ ತರಬೇಡಿ, ಬಾಯಿ ಸಣ್ಣದು. ಸ್ಟಾಂಪ್ ಮೊದಲೇ ಅಂಟಿಸಿಕೊಂಡು ಬನ್ನಿ.

ಕಾರ್ಡು ಹದಿನಾರನೇ ದಿನ ತಿಪಟೂರು ತಲುಪಿತು. ಅಮ್ಮ ಫೋನ್ ಮಾಡಿ ಕೇಳಿದ್ದು ಒಂದೇ, "ಅಷ್ಟು ಹಳೇ ಡಬ್ಬಕ್ಕೆ ದಿನಾ ಬಂದು ಬೀಗ ತೆಗೀತಾರೇನೋ?"