ಉಳಿಯುವುದೋ, ಎರವಲು ಹೋಗುವುದೋ, ಕ್ಲಬ್ಬನ್ನೇ ಬಿಡುವುದೋ?

ದೊಡ್ಡ ಫುಟ್‌ಬಾಲ್ ಕ್ಲಬ್ಬಿನ ಅಕಾಡೆಮಿಯಲ್ಲಿ, ಅಂದರೆ ಎಳೆಯರ ತರಬೇತಿ ವಿಭಾಗದಲ್ಲಿ, ಇರುವ ಹದಿನೆಂಟರ ಆಟಗಾರ ಮೊದಲು ನೋಡಬೇಕಾದದ್ದು ಸಂಬಳವನ್ನಲ್ಲ, ಮೈದಾನದಲ್ಲಿ ಸಿಗುವ ನಿಮಿಷಗಳನ್ನು.

ಉಳಿದರೆ ತರಬೇತಿ ಉತ್ತಮ, ಅವಕಾಶ ಕಡಿಮೆ. ಫಿಲ್ ಫೋಡೆನ್ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿನಲ್ಲೇ ಕಾದರು. 2020ರಲ್ಲಿ ಮೂವತ್ತು ದಾಟಿದ್ದ ಹಿರಿಯ ಆಟಗಾರ ಡೇವಿಡ್ ಸಿಲ್ವಾ ಹೊರಟ ಮೇಲೆ ತಂಡದಲ್ಲಿ ನೆಲೆಯೂರಿದರು. ನಿಮ್ಮ ಸ್ಥಾನದಲ್ಲಿ ಆಡುವವರಿಗೆ ಮೂವತ್ತು ದಾಟಿದ್ದರೆ ನೀವೂ ಕಾಯಬಹುದು. ಆದರೆ ಅದೇ ಸ್ಥಾನಕ್ಕೆ ಕ್ಲಬ್ ಇಪ್ಪತ್ತೆರಡರ ಹುಡುಗನನ್ನು ಐದು ವರ್ಷದ ಒಪ್ಪಂದಕ್ಕೆ ಕೊಂಡಿದ್ದರೆ ಬಾಯಿಮಾತಿನ ಭರವಸೆಯನ್ನು ನಂಬಬೇಡಿ. ಅಕಾಡೆಮಿಯವರನ್ನು ಕೊಳ್ಳಲು ಕ್ಲಬ್ ಹಣ ಕೊಟ್ಟಿರದ ಕಾರಣ, ಅವರನ್ನು ಮಾರಿದ ಹಣ ಲೆಕ್ಕಪತ್ರದಲ್ಲಿ ಬಹುತೇಕ ಪೂರ್ತಿ ಲಾಭ. ಹಾಗಾಗಿ ಮಾರುವ ಆಸೆ ಕ್ಲಬ್ಬಿಗೆ ಸದಾ ಇರುತ್ತದೆ.

ಹಿರಿಯರ ಆಟದ ಒರಟುತನಕ್ಕೆ ಮೈ ಒಗ್ಗಬೇಕಾದವರಿಗೆ ಎರವಲು, ಅಂದರೆ ತಮ್ಮ ಕ್ಲಬ್ಬಿನ ಒಪ್ಪಂದದಲ್ಲೇ ಇದ್ದು ಕೆಲಕಾಲ ಬೇರೆ ಕ್ಲಬ್ಬಿಗೆ ಆಡುವುದು, ಒಳ್ಳೆಯದು. ಹ್ಯಾರಿ ಕೇನ್ ಟಾಟನ್‌ಹ್ಯಾಮ್‌ನಲ್ಲಿ ನೆಲೆಗೊಳ್ಳುವ ಮೊದಲು ನಾಲ್ಕು ಕ್ಲಬ್ಬುಗಳಿಗೆ ಹೀಗೆ ಹೋಗಿಬಂದರು. ಕೋಚ್ ನಡುವೆ ಬದಲಾದರೆ ಮಾತ್ರ ಬೆಂಚೇ ಗತಿಯಾದೀತು. ಅವಧಿಗೆ ಮುಂಚೆ ಮರಳುವ ಷರತ್ತನ್ನು ಬರೆಸಿಕೊಳ್ಳಿ.

ಒಪ್ಪಂದ ಮುಗಿಯುತ್ತಿದ್ದು, ದಾರಿ ಕಾಣದಿದ್ದರೆ ಹೊರಡಿ. ಜೇಡನ್ ಸಾಂಚೊ 2017ರಲ್ಲಿ, ಹದಿನೇಳಕ್ಕೇ, ಮ್ಯಾಂಚೆಸ್ಟರ್ ಸಿಟಿ ಬಿಟ್ಟು ಜರ್ಮನಿಯ ಡಾರ್ಟ್‌ಮಂಡ್ ಕ್ಲಬ್ಬಿಗೆ ಹೋದರು. ಹೊಸ ದೇಶ, ಹೊಸ ಭಾಷೆಗೆ ಮನೆಯವರೂ ಸಿದ್ಧರಿರಬೇಕು.